ಹಡಗು ಎಲ್ಲೂ ನಿಲ್ಲದ ದಿನ

ಕ್ರೂಸ್ ಬುಕ್ ಮಾಡುವಾಗ ತುಂಬಾ ಜನ ಮೊದಲು ನೋಡುವುದು ಹಡಗನ್ನು. ಎಷ್ಟು ಮಹಡಿ, ಎಷ್ಟು ಈಜುಕೊಳ, ರಾತ್ರಿ ಯಾವ ಶೋ ಅಂತ. ನಾನು ಮೊದಲು ನೋಡಿದ್ದು ದಾರಿಯನ್ನು. ಅಮ್ಮನಿಗೆ ಹಿಮನದಿ ನೋಡುವ ಆಸೆ ಇತ್ತು. ಆದರೆ ಮಂಡಿನೋವು. ಬೆಟ್ಟ ಹತ್ತುವ ಹಾಗಿಲ್ಲ, ದಿನಕ್ಕೊಂದು ಹೋಟೆಲ್ ಬದಲಾಯಿಸುತ್ತಾ ಪೆಟ್ಟಿಗೆ ಎಳೆಯುವ ಹಾಗೂ ಇಲ್ಲ. ಬಟ್ಟೆಬರೆ ಒಂದೇ ಸಲ ಕಪಾಟಿನಲ್ಲಿಟ್ಟು, ಕುಳಿತಲ್ಲೇ ಹಿಮನದಿಯ ಎದುರಿಗೆ ಹೋಗಿ ನಿಲ್ಲಬೇಕು ಅಂದರೆ ಅಲಾಸ್ಕಾದ ಹಡಗೇ ಸರಿ ಅನ್ನಿಸಿತು.

ಅಲಾಸ್ಕಾಕ್ಕೆ ಹೋಗುವ ಎಲ್ಲ ಹಡಗುಗಳೂ ಗ್ಲೇಸಿಯರ್ ಬೇಗೆ ಹೋಗುವುದಿಲ್ಲ. ಅದು ಹಿಮನದಿಗಳಿರುವ ಕೊಲ್ಲಿ, ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡು ದೊಡ್ಡ ಕ್ರೂಸ್ ಹಡಗುಗಳನ್ನು ಮಾತ್ರ ಒಳಗೆ ಬಿಡುತ್ತಾರೆ. ಜಾಹೀರಾತಿನಲ್ಲಿ ಸುಮ್ನೆ ‘ಹಿಮನದಿ ವೀಕ್ಷಣೆ’ ಎಂದಿದ್ದರೆ ಅದು ಹಬ್ಬರ್ಡ್ ಆಗಿರಬಹುದು, ಎಂಡಿಕಾಟ್ ಆರ್ಮ್ ಆಗಿರಬಹುದು. ಅವೂ ಸುಂದರವೇ. ಆದರೆ ನಿಮ್ಮ ಮನಸ್ಸಿನಲ್ಲಿರುವ ಜಾಗದ ಹೆಸರು ದಿನದ ಪಟ್ಟಿಯಲ್ಲಿ ಇದೆಯಾ ಅಂತ ಓದಿ, ಆಮೇಲೆ ಹಣ ಕಟ್ಟಿ.

ಅಮ್ಮನಿಗೆ ಇದ್ದ ಇನ್ನೊಂದು ಭಯ ಹೊಟ್ಟೆ ತೊಳೆಸುವುದು. ಅದಕ್ಕಾಗಿ ಕೆನಡಾದ ವ್ಯಾಂಕೂವರ್‌ನಿಂದ ಹೊರಟು ಅಲ್ಲಿಗೇ ಮರಳುವ ಹಡಗನ್ನು ಆರಿಸಿದೆವು. ಆ ದಾರಿಗೆ ಇನ್‌ಸೈಡ್ ಪ್ಯಾಸೇಜ್ ಎನ್ನುತ್ತಾರೆ. ದ್ವೀಪಗಳ ಸಾಲು ತೆರೆದ ಸಮುದ್ರದ ಅಲೆಗಳನ್ನು ತಡೆಯುವುದರಿಂದ ನೀರು ಬಹುಮಟ್ಟಿಗೆ ಶಾಂತ. ಕ್ಯಾಬಿನ್ ಕೂಡ ಯೋಚಿಸಿಯೇ ತೆಗೆದುಕೊಂಡೆವು. ಹಡಗಿನ ಮುಂದಿನ ಮತ್ತು ಹಿಂದಿನ ತುದಿ ಜಾಸ್ತಿ ಏರಿಳಿಯುತ್ತವೆ, ಮೇಲಿನ ಮಹಡಿಗಳು ಜಾಸ್ತಿ ತೂಗಾಡುತ್ತವೆ. ಕೆಳಗಿನ ಮಹಡಿಯ ಮಧ್ಯಭಾಗದಲ್ಲಿ ಅಲುಗಾಟ ಕಡಿಮೆ. ಕಿಟಕಿ ಇಲ್ಲದ ಕೋಣೆಯಾದರೂ ಪರವಾಗಿಲ್ಲ, ಜಾಗ ಮಧ್ಯದ್ದೇ ಬೇಕು ಅಂತ ಹಟ ಹಿಡಿದೆ. ಮಾತ್ರೆಯ ಬಗ್ಗೆಯೂ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಅಷ್ಟೊಂದು ಪ್ರಯೋಜನವಿಲ್ಲ. ಮುಂಚೆಯೇ ತೆಗೆದುಕೊಳ್ಳಬೇಕು.

ಹಡಗು ಹತ್ತುವ ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ದಿನ ಮೊದಲೇ ಆ ಊರು ತಲುಪಿ. ವಿಮಾನ ತಡವಾಯಿತು ಅಂತ ಹಡಗು ಕಾಯುವುದಿಲ್ಲ. ಕೊಟ್ಟ ಪೆಟ್ಟಿಗೆ ಕೋಣೆಗೆ ಬರಲು ಸಂಜೆಯೂ ಆಗಬಹುದು, ಹಾಗಾಗಿ ಔಷಧಿ, ಪಾಸ್‌ಪೋರ್ಟ್, ಒಂದು ಬೆಚ್ಚಗಿನ ಬಟ್ಟೆ ಕೈಚೀಲದಲ್ಲೇ ಇರಲಿ. ಸುರಕ್ಷತೆಯ ತಾಲೀಮನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 2012ರಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿತು. ಅಂದು ಹಡಗು ಹತ್ತಿದ್ದ ನೂರಾರು ಜನರಿಗೆ ಇನ್ನೂ ತಾಲೀಮೇ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು. ಈಗ ಹಡಗು ಹೊರಡುವ ಮೊದಲು ಇಲ್ಲವೇ ಹೊರಟ ತಕ್ಷಣ ತಾಲೀಮು ಮುಗಿಯಲೇಬೇಕು. ಏಳು ಚಿಕ್ಕ ಸದ್ದು, ಒಂದು ಉದ್ದ ಸದ್ದು ಕೇಳಿದರೆ ಯಾವ ಮೆಟ್ಟಿಲು ಹಿಡಿದು ಎಲ್ಲಿಗೆ ಹೋಗಬೇಕು ಎಂಬುದನ್ನು ಅಮ್ಮನ ಜೊತೆ ನಡೆದೇ ನೋಡಿ ಬಂದೆ.

ಇನ್ನು ಆ ದಿನಕ್ಕೆ ಬರುತ್ತೇನೆ.

ಗ್ಲೇಸಿಯರ್ ಬೇನಲ್ಲಿ ಯಾರೂ ಹಡಗಿನಿಂದ ಇಳಿಯುವುದಿಲ್ಲ. ಪಟ್ಟಿಯಲ್ಲಿ ಇದನ್ನು ಕಂಡು ‘ಇಡೀ ದಿನ ಹಡಗಿನಲ್ಲೇನಾ’ ಅಂತ ಬೇಸರಪಡುವವರಿದ್ದಾರೆ. ನನ್ನ ಮಟ್ಟಿಗೆ ಇಡೀ ಪ್ರವಾಸದ ಜೀವವೇ ಆ ದಿನ. ಬೆಳಿಗ್ಗೆ ಚಿಕ್ಕ ದೋಣಿಯೊಂದು ಹಡಗಿನ ಪಕ್ಕಕ್ಕೆ ಬಂತು. ಹಡಗು ಚಲಿಸುತ್ತಿರುವಾಗಲೇ ಉದ್ಯಾನದ ರೇಂಜರ್‌ಗಳು ಏಣಿ ಹಿಡಿದು ಮೇಲೆ ಹತ್ತಿದರು. ಆಮೇಲೆ ದಿನವಿಡೀ ಧ್ವನಿವರ್ಧಕದಲ್ಲಿ ಅವರದೇ ಮಾತು.

ಅವರ ಮಾತು ಕೇಳುತ್ತಾ ದಡ ನೋಡಿದರೆ ಇಡೀ ಕಥೆ ಕಣ್ಣೆದುರೇ ಇತ್ತು. 1750ರ ಸುಮಾರಿಗೆ ಈ ಕೊಲ್ಲಿ ಪೂರ್ತಿ ಒಂದೇ ಹಿಮನದಿ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್‌ನ ತಂಡ ಬಂದಾಗ ಕೊಲ್ಲಿಯ ಬಾಯಿಯ ಹತ್ತಿರ ಕೆಲವೇ ಮೈಲಿ ನೀರು ತೆರೆದಿತ್ತು. ಈಗ 100 ಕಿಲೋಮೀಟರ್‌ಗಿಂತಲೂ ಒಳಕ್ಕೆ ಹಡಗು ಹೋಗುತ್ತದೆ. ಬಾಯಿಯ ಹತ್ತಿರ ದಟ್ಟ ಕಾಡು. ಒಳಗೆ ಹೋದಂತೆ ಮರಗಳು ಗಿಡ್ಡವಾಗುತ್ತವೆ, ಆಮೇಲೆ ಪೊದೆ, ಕೊನೆಗೆ ಬರೀ ಬಂಡೆ. ಹಿಮ ಬಿಟ್ಟುಹೋದ ನೆಲ ಎಷ್ಟು ಹೊಸದೋ ಹಸಿರು ಅಷ್ಟು ಕಡಿಮೆ. ಅಮ್ಮ ದಡದಿಂದ ಕಣ್ಣು ತೆಗೆಯಲೇ ಇಲ್ಲ.

ಬೆಚ್ಚಗೆ ಪದರಪದರವಾಗಿ ಬಟ್ಟೆ ಹಾಕಿ. ಕೈಗವಸು, ಟೋಪಿ ಬೇಕೇ ಬೇಕು. ಜೂನ್‌ನಲ್ಲೂ ಹಿಮದ ಮೇಲಿಂದ ಬರುವ ಗಾಳಿ ಕೊರೆಯುತ್ತದೆ. ಫೋನಿಗಿಂತ ಬೈನಾಕ್ಯುಲರ್ ಹೆಚ್ಚು ಕೆಲಸಕ್ಕೆ ಬರುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ನಲ್ಲೇ ಇಡಿ. ಹಡಗಿನ ಉಪಗ್ರಹ ಜಾಲಕ್ಕೆ ಅದು ತಾನಾಗಿ ಸೇರಿಕೊಂಡರೆ ರೋಮಿಂಗ್ ಬಿಲ್ ಭಾರೀ ಆಗುತ್ತದೆ.

ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತಿತು. ಸುಮಾರು ಒಂದೂವರೆ ಕಿಲೋಮೀಟರ್ ಅಗಲದ ಗೋಡೆ. ಅಲ್ಲಲ್ಲಿ ಕಡು ನೀಲಿ. ಭಾರಕ್ಕೆ ಒತ್ತಿ ಒತ್ತಿ ಗಾಳಿಗುಳ್ಳೆ ಹೋದ ಹಿಮ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ನೀಲಿ ಉಳಿಯುತ್ತದೆ. ಪಕ್ಕದಲ್ಲಿ ಮಣ್ಣು ಬಂಡೆಗಳ ಕಪ್ಪು ದಿಬ್ಬದಂತೆ ಕಾಣುವುದೂ ಹಿಮನದಿಯೇ, ಗ್ರ್ಯಾಂಡ್ ಪೆಸಿಫಿಕ್ ಅಂತ ಅದರ ಹೆಸರು. ರೇಂಜರ್ ಹೇಳದಿದ್ದರೆ ಅದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಗೋಡೆಯಿಂದ ಒಂದು ತುಂಡು ಕಳಚಿ ಬಿತ್ತು. ಬಿದ್ದದ್ದು ಮೊದಲು ಕಂಡಿತು. ಒಂದೆರಡು ಸೆಕೆಂಡ್ ಬಿಟ್ಟು ಗುಡುಗಿನ ಸದ್ದು. ಸದ್ದು ಕೇಳಿದ ಮೇಲೆ ಕ್ಯಾಮೆರಾ ಎತ್ತಿದರೆ ನೀರಿನ ಅಲೆ ಮಾತ್ರ ಸಿಗುತ್ತದೆ. ಅದಕ್ಕೇ ಹೇಳುವುದು, ಒಂದು ಜಾಗ ಹಿಡಿದು ನಿಂತು ಗೋಡೆಯನ್ನೇ ನೋಡುತ್ತಿರಿ. ಈ ಬದಿ, ಆ ಬದಿ ಅಂತ ಓಡಾಡುವುದೂ ಬೇಡ. ಕ್ಯಾಪ್ಟನ್ ಹಡಗನ್ನು ನಿಧಾನವಾಗಿ ತಿರುಗಿಸುತ್ತಾರೆ, ಎರಡೂ ಬದಿಯವರಿಗೆ ಕಾಣುತ್ತದೆ. ಬಾಲ್ಕನಿ ಇಲ್ಲದವರಿಗೂ ತೆರೆದ ಡೆಕ್ ಇದ್ದೇ ಇದೆ. ನಿಜ ಹೇಳಬೇಕೆಂದರೆ ಅಲ್ಲಿಂದಲೇ ನೋಟ ಚೆನ್ನ. ಮಂಡಿ ನೋಯುವವರು ಸ್ವಲ್ಪ ಬೇಗ ಹೋಗಿ ಕುರ್ಚಿ ಹಿಡಿಯಬೇಕು, ಅಷ್ಟೇ.

ಬಂದರಿನಲ್ಲಿ ನಿಲ್ಲುವ ದಿನಗಳ ನಿಯಮ ಬೇರೆ. ಅಲ್ಲಿ ಗಡಿಯಾರ ಮುಖ್ಯ. ಹಡಗಿನ ಸಮಯ ಮತ್ತು ಊರಿನ ಸಮಯ ಒಂದೇ ಇರಬೇಕೆಂದಿಲ್ಲ, ಹತ್ತಲು ಕೊಟ್ಟ ಗಡುವು ಹೊರಡುವ ಹೊತ್ತಿಗಿಂತ ಮುಂಚೆಯೇ ಇರುತ್ತದೆ. ಹಡಗಿನವರೇ ಏರ್ಪಡಿಸಿದ ಸುತ್ತಾಟ ತಡವಾದರೆ ಹೊಣೆ ಅವರದು. ನಾವೇ ಹೊರಗೆ ಗೊತ್ತುಮಾಡಿಕೊಂಡರೆ ತಡವಾದಾಗ ಹೊಣೆ ನಮ್ಮದು. ಅಮ್ಮನ ಜೊತೆಗಿದ್ದ ಕಾರಣ ದೂರದ ಸುತ್ತಾಟಗಳಿಗೆ ನಾನು ಮೊದಲನೆಯದನ್ನೇ ಆರಿಸಿದೆ. ದುಡ್ಡು ಜಾಸ್ತಿ ಹೋಯಿತು, ಆತಂಕ ಇರಲಿಲ್ಲ.

ಗ್ಲೇಸಿಯರ್ ಬೇನಲ್ಲಿ ಅಂದು ಮಧ್ಯಾಹ್ನ ಹಡಗು ಹಿಂದಿರುಗುವಾಗ ಅಮ್ಮ ರೇಂಜರ್ ಹತ್ತಿರ ಹೋಗಿ, ಪಕ್ಕದ ಕವಲಿಗೆ ಯಾಕೆ ಹೋಗಲಿಲ್ಲ ಅಂತ ನನ್ನಿಂದ ಕೇಳಿಸಿದರು. ಅದು ಜಾನ್ಸ್ ಹಾಪ್ಕಿನ್ಸ್ ಕವಲು. ಅಲ್ಲಿ ತೇಲುವ ಮಂಜುಗಡ್ಡೆಗಳ ಮೇಲೆ ಸೀಲ್‌ಗಳು ಮರಿ ಹಾಕುತ್ತವೆ. ಹಡಗು ಹತ್ತಿರ ಬಂದರೆ ತಾಯಿ ಗಾಬರಿಯಾಗಿ ನೀರಿಗೆ ಇಳಿಯುತ್ತದೆ, ಮರಿಗೆ ತೊಂದರೆ. ಹಾಗಾಗಿ ಮೇ 1ರಿಂದ ಆಗಸ್ಟ್ 31ರವರೆಗೆ ಕ್ರೂಸ್ ಹಡಗುಗಳಿಗೆ ಪ್ರವೇಶವಿಲ್ಲ. ಸೆಪ್ಟೆಂಬರ್‌ನಲ್ಲಿ ಬಿಡುತ್ತಾರೆ, ಆದರೆ ಆಗ ಮಳೆ ಜಾಸ್ತಿ. ‘ಮಳೆಗೆ ಕೊಡೆ ಇದೆ ಅಲ್ವಾ’ ಎಂದರು ಅಮ್ಮ. ಸೆಪ್ಟೆಂಬರ್‌ನ ಹಡಗುಗಳನ್ನು ಈಗ ಹುಡುಕುತ್ತಿದ್ದೇನೆ. ಕ್ಯಾಬಿನ್ ಮಾತ್ರ ಈ ಸಲವೂ ಮಧ್ಯದ್ದೇ ಬೇಕಂತೆ.