ಹಳೇ ಇಂಡಿ, ಹೊಸ ಸ್ಕೀ-ಡೂ: ಕೆರೆ ಮೇಲೊಂದು ಲೆಕ್ಕ, ಕಾಡಿನಲ್ಲಿ ಇನ್ನೊಂದು

ನನ್ನ ಹಿಮದ ಗಾಡಿಯ ಎಂಜಿನ್‌ನಿಂದ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒರೆಸದೆ ಹಾಗೇ ಫೋನಿನ ಕ್ಯಾಮೆರಾ ಮುಂದೆ ಹಿಡಿದೆ. ಇಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೆಳಗ್ಗೆ ಹತ್ತು ಗಂಟೆ, ಮೈಸೂರಿನಲ್ಲಿ ರಾತ್ರಿ ಒಂಬತ್ತೂವರೆ. ಅಪ್ಪ ಕನ್ನಡಕ ಹಣೆಗೆ ಏರಿಸಿ ಫೋನನ್ನು ಮೂಗಿನ ಹತ್ತಿರ ತಂದುಕೊಂಡರು.

"ಬೆಳ್ಳಗಿದೆ ಪುಟ್ಟಿ. ಪೆಟ್ರೋಲ್ ಸಾಲ್ತಾ ಇಲ್ಲ ಅದಕ್ಕೆ. ಡಿಕಾಕ್ಷನ್ ಜಾಸ್ತಿ ಇರೋ ಕಾಫಿ ಬಣ್ಣ ಬರಬೇಕು. ಜೆಟ್ ಬದಲಾಯಿಸು. ಅಲ್ಲೀವರೆಗೂ ಫುಲ್ ರೇಸ್ ಕೊಡಬೇಡ, ಸೀಜ್ ಆಗುತ್ತೆ."

ಅಪ್ಪ ಹಿಮ ಕಂಡವರಲ್ಲ. ಮುಂದೆ ಸ್ಕೀ, ಕೆಳಗೆ ರಬ್ಬರ್ ಟ್ರ್ಯಾಕ್ ಇರುವ ಈ ಹಿಮದ ಗಾಡಿ, ಸ್ನೋಮೊಬೈಲ್, ನೋಡಿದ್ದೂ ನನ್ನ ಫೋನಿನಲ್ಲೇ. ಆದರೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ, ಅದು 1996ರಲ್ಲಿ ಮುಚ್ಚುವವರೆಗೂ, ಕೆಲಸ ಮಾಡಿದವರು. ಟೂ-ಸ್ಟ್ರೋಕ್ ಎಂಜಿನ್ ಮೈಸೂರಿನಲ್ಲಿದ್ದರೂ ಅಷ್ಟೇ, ವಿಸ್ಕಾನ್ಸಿನ್‌ನಲ್ಲಿದ್ದರೂ ಅಷ್ಟೇ. ಭಾನುವಾರ ಮನೆ ಮುಂದೆ ಯೆಜ್ಡಿ ಬೈಕಿನ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಬಿಚ್ಚಿ ತೊಳೆಯುವಾಗ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟನ್ನು ನನ್ನ ಕೈಗೆ ಕೊಟ್ಟು "ಬೆಳಕಿಗೆ ಹಿಡಿ, ತೂತು ಕಾಣ್ತಾ ಹೇಳು" ಎನ್ನುತ್ತಿದ್ದರು. ಆಗ ನನಗೆ ಏಳೋ ಎಂಟೋ ವರ್ಷ.

ನನ್ನ ಗಾಡಿ 1992ರ ಪೊಲಾರಿಸ್ ಇಂಡಿ 500. ನಾನಿರುವ ವಾಸಾ ಊರಿನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ಮಂಡಿ ನೋವಿನಿಂದ ಓಡಿಸುವುದು ಬಿಟ್ಟ ಮೇಲೆ ನನಗೆ ಕೊಟ್ಟರು. 488 ಸಿಸಿ, ಎರಡು ಸಿಲಿಂಡರ್, ಎರಡು ಕಾರ್ಬುರೇಟರ್. ಹೋದ ವರ್ಷ ಅವರ ಮೊಮ್ಮಗ ಸ್ಕೀ-ಡೂ ಎಂಬ ಬೇರೆ ಕಂಪನಿಯ ಸ್ನೋಮೊಬೈಲ್ ತಗೊಂಡ. 2021ರ ಮಾಡೆಲ್, 600ಆರ್ ಇ-ಟೆಕ್ ಎಂಜಿನ್, 125 ಹಾರ್ಸ್‌ಪವರ್. "ನಿಮ್ಮದಕ್ಕಿಂತ ಇದು ಎರಡರಷ್ಟು ಸ್ಪೀಡು" ಎಂದ. ಹುಡುಗ ಒಳ್ಳೆಯವನು, ಜಂಬಕ್ಕೆ ಹೇಳಿದ್ದಲ್ಲ. ಅವನು ಹಾಗೆ ನಂಬಿದ್ದ. ನನಗೆ ಅಳೆದು ನೋಡಬೇಕು ಅನ್ನಿಸಿತು.

ಜನವರಿ ಕೊನೆಯ ಶನಿವಾರ ಎರಡೂ ಗಾಡಿಗಳನ್ನು ಟ್ರೇಲರ್‌ಗೆ ಹಾಕಿಕೊಂಡು ಉತ್ತರಕ್ಕೆ, ವಿಲಾಸ್ ಕೌಂಟಿಗೆ ಹೋದೆವು. ಅಂದು ಬೆಳಗ್ಗೆ ಮೈನಸ್ 23 ಡಿಗ್ರಿ. ಅಪ್ಪನಿಗೆ ಪ್ಲಗ್ ತೋರಿಸಿದ್ದೂ ಆ ಕೆರೆ ದಡದಿಂದಲೇ. ಅಷ್ಟು ಚಳಿಯ ಗಾಳಿ, ಸೊನ್ನೆ ಡಿಗ್ರಿಯ ಗಾಳಿಗಿಂತ ಸುಮಾರು ಶೇ. 9ರಷ್ಟು ದಟ್ಟ. ಕಾರ್ಬುರೇಟರ್‌ಗೆ ಅದು ಗೊತ್ತಾಗುವುದಿಲ್ಲ. ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ ಪೆಟ್ರೋಲ್ ಬಿಡುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆದರೆ ಎಂಜಿನ್ ಒಳಗೆ ವಿಪರೀತ ಬಿಸಿ. ಹಿಂದಿನ ವಾರದ ಬೆಚ್ಚನೆ ದಿನಗಳಿಗೆಂದು ನಾನೇ ಸಣ್ಣ ಜೆಟ್ ಹಾಕಿದ್ದೆ, ಬದಲಾಯಿಸುವುದು ಮರೆತಿದ್ದೆ. ಕೈಗವಸು ತೆಗೆದು ಹಿತ್ತಾಳೆಯ ಆ ಪುಟ್ಟ ಜೆಟ್ ಹಿಡಿದರೆ, ಬೆರಳಿನ ಚರ್ಮ ಅದಕ್ಕೇ ಅಂಟಿಕೊಳ್ಳುತ್ತದೆ. ಎರಡು ಜೆಟ್ ಬದಲಾಯಿಸಲು ನನಗೆ 40 ನಿಮಿಷ ಹಿಡಿಯಿತು. ನಡುವೆ ನಾಲ್ಕು ಸಲ ಕಾರಿನ ಹೀಟರ್‌ಗೆ ಕೈ ಒಡ್ಡಿ ಬಂದೆ. ಸ್ಕೀ-ಡೂದಲ್ಲಿ ಸೆನ್ಸರ್‌ಗಳು ಗಾಳಿಯ ಉಷ್ಣತೆ, ಒತ್ತಡ ನೋಡಿ ಪೆಟ್ರೋಲನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಹುಡುಗ ಗುಂಡಿ ಒತ್ತಿದ, ಸ್ಟಾರ್ಟ್ ಆಯಿತು. ಹೊಸದು ಗೆದ್ದ ಮೊದಲ ಸುತ್ತು ಇದೇ ಅಲ್ವಾ, ಇನ್ನೂ ಓಡೇ ಇಲ್ಲ!

ಕೆರೆಯಲ್ಲಿ ಮಂಜುಗಡ್ಡೆ ಕೊರೆದು ನೋಡಿದೆವು. 15 ಇಂಚು. ಮೇಲೆ ಗಾಳಿಗೆ ಗಟ್ಟಿಯಾದ ಎರಡು ಇಂಚು ಹಿಮ. ಮೀನು ಹಿಡಿಯುವವರ ಗುಡಿಸಲುಗಳಿಂದ ತುಂಬಾ ದೂರದಲ್ಲಿ ಜಾಗ ಹುಡುಕಿದೆವು. ಜನರಿಂದ, ಗುಡಿಸಲುಗಳಿಂದ 100 ಅಡಿಯೊಳಗೆ ಇದ್ದರೆ ಗಂಟೆಗೆ 10 ಮೈಲಿ ಮೀರಬಾರದು ಎಂದು ಇಲ್ಲಿ ಕಾನೂನಿದೆ. ರಾತ್ರಿಯಾದರೆ ಎಲ್ಲೇ ಇರಲಿ 55 ಮೈಲಿಯೇ ಮಿತಿ. ಅಳತೆಪಟ್ಟಿ ಹಿಡಿದು 1,000 ಅಡಿಗೆ ಎರಡು ಕೋಲು ನೆಟ್ಟೆವು. ಎರಡು ಗಾಡಿಯನ್ನೂ ನಾನೇ ಓಡಿಸಿದೆ, ಯಾಕೆಂದರೆ ಸವಾರರ ತೂಕ ಬೇರೆಯಾದರೆ ಲೆಕ್ಕ ಕೆಡುತ್ತದೆ. ಗಾಳಿ ಒಂದು ಕಡೆಯಿಂದ ಬೀಸುತ್ತಿತ್ತು, ಹಾಗಾಗಿ ಹೋಗುತ್ತಾ ಮೂರು ಸಲ, ಬರುತ್ತಾ ಮೂರು ಸಲ. ಜಿಪಿಎಸ್ ಜಾಕೆಟ್ ಜೇಬಿನಲ್ಲಿ.

ಇಂಡಿಗೆ 1,000 ಅಡಿ ಮುಟ್ಟಲು ಸರಾಸರಿ 11 ಸೆಕೆಂಡ್. ಸ್ಕೀ-ಡೂಗೆ ಒಂಬತ್ತೂವರೆ. ಕೋಲು ದಾಟಿದ ಮೇಲೂ ಹಾಗೇ ಬಿಟ್ಟಾಗ, ಜಿಪಿಎಸ್ ಪ್ರಕಾರ, ಇಂಡಿ ಗಂಟೆಗೆ 79 ಮೈಲಿ ಮುಟ್ಟಿತು, ಅಂದರೆ 127 ಕಿಲೋಮೀಟರ್. ಸ್ಕೀ-ಡೂ 95 ಮೈಲಿ, 153 ಕಿಲೋಮೀಟರ್.

ಹುಡುಗನಿಗೆ ನಂಬಿಕೆಯೇ ಬರಲಿಲ್ಲ. "ನನ್ನ ಡಿಸ್‌ಪ್ಲೇ 101 ತೋರಿಸಿತ್ತಲ್ಲ?" ಎಂದ. ನನ್ನ ಇಂಡಿಯ ಮುಳ್ಳೂ 92ರ ಮೇಲಿತ್ತು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಸ್ನೋಮೊಬೈಲಿನ ಮೀಟರ್ ಅಳೆಯುವುದು ಕೆಳಗಿನ ರಬ್ಬರ್ ಟ್ರ್ಯಾಕ್ ಸುತ್ತುವ ವೇಗವನ್ನು. ಟ್ರ್ಯಾಕ್ ಹಿಮದಲ್ಲಿ ಜಾರಿದರೆ ಆ ಜಾರಿದ ಸುತ್ತೂ ಲೆಕ್ಕಕ್ಕೆ ಸೇರುತ್ತದೆ. ಮಳೆಯಲ್ಲಿ ಕೆಸರಿಗೆ ಸಿಕ್ಕ ಬೈಕಿನ ಹಿಂದಿನ ಚಕ್ರ ಗರಗರ ತಿರುಗುತ್ತಿರುತ್ತದೆ, ಬೈಕು ಅಲ್ಲೇ ಇರುತ್ತದೆ, ಹಾಗೆ. "ನನ್ನ ಹಳೇ ಗಾಡಿ 100 ಹೊಡೀತಿತ್ತು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಮುಳ್ಳು 100 ತೋರಿಸಿದ್ದು ನಿಜ.

ಇನ್ನೊಂದು ಮಾತು, ವೇಗ ಏರಿದಂತೆ ಎದುರು ಗಾಳಿಯ ತಡೆ ಅದಕ್ಕಿಂತ ಬೇಗ ಏರುತ್ತದೆ. ವೇಗ ಎರಡರಷ್ಟು ಆಗಬೇಕಾದರೆ, ಗಾಳಿಯನ್ನು ಸೀಳುವುದಕ್ಕೇ ಎಂಟರಷ್ಟು ಶಕ್ತಿ ಬೇಕು. 1.2ರಷ್ಟು ಆಗಬೇಕಾದರೂ 1.7ರಷ್ಟು ಬೇಕು. ನಮ್ಮ 79ಕ್ಕೂ 95ಕ್ಕೂ ಇರುವ ಅಂತರ ಅಷ್ಟೇ, 1.2ರಷ್ಟು. ಮೂವತ್ತು ವರ್ಷದಲ್ಲಿ ಇಷ್ಟೇನಾ ಎಂದು ಅನ್ನಿಸಬಹುದು. ಆ 16 ಮೈಲಿಗೆ ಎಷ್ಟು ಕೆಲಸ ಹಿಡಿದಿದೆ ಎಂದು ಲೆಕ್ಕ ಹಾಕಿದ ಮೇಲೆ ನನಗೆ ಹಾಗೆ ಅನ್ನಿಸಲಿಲ್ಲ. ಇನ್ನೂ ಬೇಕು ಎನ್ನುವವರಿಗೆ ಸ್ಕೀ-ಡೂದೇ 850 ಇದೆ, 165 ಹಾರ್ಸ್‌ಪವರ್.

ಪಿಕಪ್ ಬಗ್ಗೆ ಒಂದು ವಿಷಯ. ಸ್ನೋಮೊಬೈಲಿಗೆ ಗೇರ್ ಇಲ್ಲ. ಆಕ್ಟಿವಾದಲ್ಲಿ ಇರುವಂಥದ್ದೇ ಬೆಲ್ಟ್ ಮತ್ತು ಎರಡು ಪುಲ್ಲಿ, ದೊಡ್ಡ ಪ್ರಮಾಣದಲ್ಲಿ. ಸ್ಪೀಡ್ ಏರಿದಂತೆ ಒಂದು ಪುಲ್ಲಿ ಮುಚ್ಚಿಕೊಳ್ಳುತ್ತದೆ, ಇನ್ನೊಂದು ತೆರೆಯುತ್ತದೆ. ಅದರೊಳಗಿನ ತೂಕಗಳು, ಸ್ಪ್ರಿಂಗು ಸವೆದಿದ್ದರೆ ಎಂಜಿನ್ ಎಷ್ಟು ಚೆನ್ನಾಗಿದ್ದರೂ ಗಾಡಿ ಎಳೆಯುವುದಿಲ್ಲ. ನಾನು ಹೋದ ಶರತ್ಕಾಲದಲ್ಲಿ ಇಂಡಿಗೆ ಹೊಸ ಬೆಲ್ಟು, ಸ್ಪ್ರಿಂಗು ಹಾಕಿದ್ದೆ. ಹಾಕದೇ ಇದ್ದಿದ್ದರೆ ಆ 11 ಸೆಕೆಂಡ್ ಸಿಗುತ್ತಿರಲಿಲ್ಲ. ಹಳೆಯದನ್ನೂ ಹೊಸದನ್ನೂ ಹೋಲಿಸುವವರು ಎಷ್ಟೋ ಸಲ ಸವೆದ ಬೆಲ್ಟನ್ನು ಹೊಸ ಬೆಲ್ಟಿನ ಜೊತೆ ಹೋಲಿಸುತ್ತಿರುತ್ತಾರೆ.

ಕೆರೆಯ ಕೆಲಸ ಮುಗಿಸಿ ಕಾಡಿನ ಟ್ರೇಲ್, ಅಂದರೆ ಸ್ನೋಮೊಬೈಲ್ ದಾರಿ, ಹಿಡಿದು ಸೇನರ್‌ಗೆ ಹೊರಟೆವು. ಕಾರ್ಲ್ ಎಲಿಯಾಸನ್ 1924ರಲ್ಲಿ ತನ್ನ ಮೋಟಾರ್ ಟೊಬೊಗನ್, ಅಂದರೆ ಎಂಜಿನ್ ಇರುವ ಹಿಮದ ಜಾರುಬಂಡಿ, ಇಂದಿನ ಸ್ನೋಮೊಬೈಲಿನ ಪೂರ್ವಜ, ಮಾಡಿದ ಊರು ಅದು. ಅವನ ಪಾದದಲ್ಲಿ ಊನ ಇತ್ತು. ಹಿಮದಲ್ಲಿ ಬೇಟೆಗೆ ಹೋದಾಗ ಗೆಳೆಯರ ಜೊತೆ ಹೆಜ್ಜೆ ಹಾಕಲು ಆಗುತ್ತಿರಲಿಲ್ಲ. ದೋಣಿಗೆ ಹಾಕುವ ಎರಡೂವರೆ ಹಾರ್ಸ್‌ಪವರ್ ಎಂಜಿನ್ ತಂದು ಉದ್ದನೆ ಹಲಗೆಗೆ ಕೂರಿಸಿದ. ಗೆಳೆಯರ ಜೊತೆ ಹೋಗುವಷ್ಟು ವೇಗ ಅವನಿಗೆ ಸಾಕಿತ್ತು. ನಾನು ಆ ಊರಿಗೆ ಹೋದಾಗಲೆಲ್ಲ ಇದನ್ನು ನೆನೆಸಿಕೊಳ್ಳುತ್ತೇನೆ.

ಹೋಗುವಾಗ ಇಂಡಿ ಮೇಲೆ ನಾನು. ಟ್ರೇಲನ್ನು ರಾತ್ರಿ ಯಂತ್ರ ಎಳೆದು ಸಮ ಮಾಡಿರುತ್ತಾರೆ, ಬೆಳಗ್ಗೆ ಚಾಪೆ ಹಾಸಿದ ಹಾಗಿರುತ್ತದೆ. ಶನಿವಾರ ನೂರಾರು ಗಾಡಿ ಓಡಿದ ಮೇಲೆ ಮಧ್ಯಾಹ್ನಕ್ಕೆ ಉಬ್ಬು ತಗ್ಗು, ಸಾಲಾಗಿ, ಒಂದರ ಹಿಂದೆ ಒಂದು. ಇಂಡಿಯ ಸೀಟು ತಗ್ಗಿನಲ್ಲಿದೆ. ಮಣೆ ಮೇಲೆ ಕೂತು ಕಾಲು ನೀಡಿದ ಹಾಗೆ ಕೂರಬೇಕು. ಉಬ್ಬು ಬಂದಾಗ ಮಂಡಿಗೆ ಮಾಡಲು ಕೆಲಸವೇ ಇಲ್ಲ, ಏಟು ಸೀದಾ ಬೆನ್ನುಮೂಳೆಗೆ. ಸಿಟಿ ಬಸ್ಸಿನ ಕಡೇ ಸೀಟಿನಲ್ಲಿ ಕೂತು ಹಂಪ್ ಮೇಲೆ ಹಂಪ್ ದಾಟಿದ ಹಾಗೆ. ತನ್ನ ಕಾಲಕ್ಕೆ ಇಂಡಿಯ ಸಸ್ಪೆನ್ಷನ್ ಎಲ್ಲರೂ ಹೊಗಳಿದ ಸಸ್ಪೆನ್ಷನ್, ಆ ಹೆಸರು ನಿಂತದ್ದೇ ಅದರಿಂದ. ಆದರೂ ಗಂಟೆಗೆ 25 ಮೈಲಿ ದಾಟಿಸಲು ನನ್ನ ಬೆನ್ನು ಬಿಡಲಿಲ್ಲ. ಎಂಜಿನ್ ಇನ್ನೂ ಬೇಕಾದಷ್ಟು ಉಳಿದಿತ್ತು.

ಸೇನರ್‌ನಲ್ಲಿ ಸೂಪ್ ಕುಡಿದು ಗಾಡಿ ಬದಲಾಯಿಸಿಕೊಂಡೆವು.

2003ರ ಮಾಡೆಲ್‌ನಲ್ಲಿ ಸ್ಕೀ-ಡೂ ರೆವ್ ಎಂಬ ಹೊಸ ಚಾಸಿ ತಂದಿತು. ಸವಾರರನ್ನು ಮುಂದಕ್ಕೆ ತಂದು ಕೂರಿಸಿತು. ಕಾಲು ಮಡಚಿ ಪಾದ ಸೊಂಟದ ಕೆಳಗೆ, ಬೈಕ್ ಮೇಲೆ ಕೂತ ಹಾಗೆ. ಮುಂದೆ ಉಳಿದ ಕಂಪನಿಗಳೂ ಅದೇ ದಾರಿಗೆ ಬಂದವು. ನನ್ನ ಮಟ್ಟಿಗೆ ಈ ಮೂವತ್ತು ವರ್ಷದ ದೊಡ್ಡ ಬದಲಾವಣೆ ಇದೇ, ಹಾರ್ಸ್‌ಪವರ್ ಅಲ್ಲ. ಉಬ್ಬು ಕಂಡ ಕೂಡಲೇ ಸುಮ್ನೆ ಅರ್ಧ ಎದ್ದರೆ ಸಾಕು, ಗಾಡಿ ಕೆಳಗೆ ಕುಣಿಯುತ್ತದೆ, ತಲೆ ನಿಂತಲ್ಲೇ ನಿಂತಿರುತ್ತದೆ. ಟ್ರ್ಯಾಕ್ ಕೂಡ ಉದ್ದ. ಇಂಡಿಯದು 121 ಇಂಚು, ಇದರದ್ದು 129. ಆ ಎಂಟು ಇಂಚು ಎರಡು ಉಬ್ಬಿನ ನಡುವಿನ ತಗ್ಗಿಗೆ ಸೇತುವೆ ಹಾಕಿದ ಹಾಗೆ ಕೆಲಸ ಮಾಡುತ್ತದೆ.

12 ಮೈಲಿ ಆಚೆ ಎರಡು ಟ್ರೇಲ್ ಕೂಡುವ ಜಾಗದಲ್ಲಿ ಕಾಯುವುದು ಎಂದು ಮಾತಾಗಿತ್ತು. ನಾನು 20 ನಿಮಿಷಕ್ಕೆ ತಲುಪಿದೆ. ಎಂಜಿನ್ ಆಫ್ ಮಾಡಿ ಹೆಲ್ಮೆಟ್ ತೆಗೆದೆ. ಪೈನ್ ಮರಗಳಿಂದ ಹಿಮ ಉದುರುವ ಸದ್ದು ಬಿಟ್ಟರೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ದೂರದಲ್ಲಿ ಇಂಡಿಯ ಸದ್ದು ಕೇಳಿಸಿತು. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಒಂದೊಂದು ಉಬ್ಬಿಗೂ ಅವನು ರೇಸ್ ಬಿಡುತ್ತಿದ್ದುದು ಅಲ್ಲಿಂದಲೇ ಗೊತ್ತಾಗುತ್ತಿತ್ತು. ನಂತರ ಹಳದಿ ಹೆಡ್‌ಲೈಟು. ಗಡಿಯಾರ ನೋಡಿದೆ, ನಾನು ಬಂದು 10 ನಿಮಿಷವಾಗಿತ್ತು. ಅವನಿಗೆ 22 ವರ್ಷ, ನನಗೆ 41. ಕೆರೆ ಮೇಲೆ ಒಂದೂವರೆ ಸೆಕೆಂಡ್ ಇದ್ದ ಅಂತರ ಕಾಡಿನಲ್ಲಿ 10 ನಿಮಿಷ ಆಯಿತು.

ಅವನು ಇಳಿದು ಸೊಂಟ ಹಿಡಿದುಕೊಂಡು, "ತಾತ ಇದರಲ್ಲಿ ದಿನಕ್ಕೆ 150 ಮೈಲಿ ಹೋಗುತ್ತಿದ್ದರು" ಎಂದ. ಆ ಹಿರಿಯರ ಮಂಡಿ ನೋವು ನನಗೆ ಆಗ ಸರಿಯಾಗಿ ಅರ್ಥವಾಯಿತು.

ಪೆಟ್ರೋಲ್ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಂದು ಒಟ್ಟು 85 ಮೈಲಿ ಓಡಿದೆವು. ಇಂಡಿ ಎಂಟೂವರೆ ಗ್ಯಾಲನ್ ಕುಡಿಯಿತು, ಸ್ಕೀ-ಡೂ ಐದು. ಹಳೇ ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಬೆರೆತ ಗಾಳಿ ಸಿಲಿಂಡರ್‌ಗೆ ನುಗ್ಗುವಾಗ ಹೊಗೆ ಹೋಗುವ ಬಾಗಿಲೂ ತೆರೆದೇ ಇರುತ್ತದೆ. ಸ್ವಲ್ಪ ಪೆಟ್ರೋಲ್ ಸುಡದೆ ಹಾಗೇ ಸೈಲೆನ್ಸರ್ ಸೇರುತ್ತದೆ. ಯೆಜ್ಡಿ, ಆರ್‌ಎಕ್ಸ್ 100 ಹಿಂದೆ ಹೋದವರಿಗೆ ಆ ವಾಸನೆ ಗೊತ್ತು. ಇ-ಟೆಕ್‌ನಲ್ಲಿ ಒಳಗೆ ಬರುವುದು ಬರೀ ಗಾಳಿ. ಪೆಟ್ರೋಲನ್ನು ಆಮೇಲೆ ಸೀದಾ ಸಿಲಿಂಡರ್ ಒಳಗೇ ಸಿಂಪಡಿಸುತ್ತದೆ, ಹಾಗಾಗಿ ಪೋಲಾಗುವುದು ತೀರಾ ಕಡಿಮೆ. ಸಂಜೆ ಅವನ ಜಾಕೆಟ್‌ಗೆ ಆ ವಾಸನೆ ಹತ್ತಿತ್ತು. ನನಗೆ ಆ ವಾಸನೆ ಇಷ್ಟ. ಕಾಡಿಗೆ ಅದು ಒಳ್ಳೆಯದಲ್ಲ ಎಂಬುದೂ ಗೊತ್ತು.

ಈಚೆಗೆ ಮಿನಿಯಾಪೊಲಿಸ್‌ನ ಕನ್ನಡದ ಗೆಳತಿಯೊಬ್ಬಳು ಯಾವುದು ತಗೊಳ್ಳಲಿ ಎಂದು ಕೇಳಿದಳು. 850 ಬೇಡ ಎಂದೆ. ರೆವ್ ಬಂದ ಮೇಲಿನ ಯಾವುದಾದರೂ 600, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಉಳಿದ ದುಡ್ಡನ್ನು ಒಳ್ಳೆ ಶಾಕ್ ಅಬ್ಸಾರ್ಬರ್‌ಗಳಿಗೆ, ಒಳ್ಳೆ ಹೆಲ್ಮೆಟ್‌ಗೆ ಹಾಕು ಎಂದೆ. ಮೊದಲ ಮಾಡೆಲ್‌ಗಳಲ್ಲಿ ಕಾರ್ಬುರೇಟರ್ ಇದ್ದರೆ ನನಗೆ ಫೋನ್ ಮಾಡು, ಜೆಟ್ ಹಾಕುವುದು ಹೇಳಿಕೊಡುತ್ತೇನೆ ಎಂದೆ.

ಇಂಡಿಯನ್ನು ನಾನು ಮಾರುವುದಿಲ್ಲ. ಆ ರಾತ್ರಿ ಮನೆಗೆ ಬಂದು ಅದರ ಪ್ಲಗ್ ಮತ್ತೆ ಬಿಚ್ಚಿದೆ. ಮೈಸೂರಿನಲ್ಲಿ ಬೆಳಗಾಗಿತ್ತು, ಅಪ್ಪ ಕೈಯಲ್ಲಿ ಕಾಫಿ ಲೋಟ ಹಿಡಿದೇ ಫೋನ್ ಎತ್ತಿದರು. ಪ್ಲಗ್ ತೋರಿಸಿದೆ. ಲೋಟವನ್ನು ಕ್ಯಾಮೆರಾ ಪಕ್ಕಕ್ಕೆ ತಂದು ಒಮ್ಮೆ ಅದನ್ನೂ ಒಮ್ಮೆ ಪ್ಲಗ್ಗನ್ನೂ ನೋಡಿ, "ಇದು ಸರಿ ಇದೆ. ಆ ಜೆಟ್ ನಂಬರ್ ಬರೆದಿಟ್ಕೋ" ಎಂದರು.

ಹುಡ್ ಒಳಗೆ ಬಿಳಿ ಪೇಂಟಿನಲ್ಲಿ ಬರೆದಿಟ್ಟೆ.