ಕಾದ ಎಂಜಿನ್ ಮತ್ತು ವಾಟರ್ ಪಂಪಿನ ಕೆಳಗಿನ ಸಣ್ಣ ತೂತು

ಸಕಲೇಶಪುರ, ಮೂಡಿಗೆರೆಗಳ ಕಡೆಯ ಕಚ್ಚಾ ದಾರಿಗಳಲ್ಲಿ ಬೈಕ್ ಓಡಿಸುವ ನಮ್ಮಲ್ಲಿ ಹೆಚ್ಚಿನವರು ಗಾಳಿಯಿಂದ ತಣಿಯುವ ಎಂಜಿನ್‌ಗಳಲ್ಲಿ ಪಳಗಿದವರು. 2011ರ ಇಂಪಲ್ಸ್, 2016ರ ಮೊದಲ ಹಿಮಾಲಯನ್, 2019ರ ಎಕ್ಸ್‌ಪಲ್ಸ್ 200, ಈ ಯಾವ ಬೈಕಿನಲ್ಲೂ ಕೂಲಂಟ್, ಅಂದರೆ ಎಂಜಿನ್ನನ್ನು ತಣಿಸುವ ದ್ರವ, ಇರಲಿಲ್ಲ. ಕೆಟಿಎಂ 390 ಅಡ್ವೆಂಚರ್, ಹಿಮಾಲಯನ್ 450, ಎಕ್ಸ್‌ಪಲ್ಸ್ 210 ಬಂದ ಮೇಲೆ ಅದೇ ದಾರಿಗಳಿಗೆ ಆ ದ್ರವವನ್ನು ಗಾಳಿಯಲ್ಲಿ ತಣಿಸುವ ರೇಡಿಯೇಟರ್, ಬಿಸಿಯೇರಿದಾಗ ಅದಕ್ಕೆ ದಾರಿ ತೆರೆಯುವ ಥರ್ಮೋಸ್ಟಾಟ್, ಅದನ್ನು ಹರಿಸುವ ವಾಟರ್ ಪಂಪ್‌ಗಳೂ ಬಂದಿವೆ. ಆದರೆ ಹೊರಡುವ ಮುನ್ನ ಚೈನ್, ಬ್ರೇಕ್, ಟೈರ್ ನೋಡುವ ನಮ್ಮ ರೂಢಿಯಲ್ಲಿ ಇವುಗಳಿಗೆ ಇನ್ನೂ ಜಾಗ ಸಿಕ್ಕಿಲ್ಲ. ಮೀಟರ್‌ನಲ್ಲಿ ಉಷ್ಣತೆಯ ಎಚ್ಚರಿಕೆ ಬಂದಾಗ ನೋಡಿಕೊಂಡರಾಯಿತು ಎಂಬ ಭಾವನೆ ವ್ಯಾಪಕವಾಗಿದೆ. ಆ ಎಚ್ಚರಿಕೆ ಬಹಳ ತಡವಾಗಿ ಬರುತ್ತದೆ ಎಂಬುದನ್ನು ವಿವರಿಸುವುದಕ್ಕಾಗಿಯೇ ಈ ಬರಹ.

ಕಾರಣ ಸರಳವಾದದ್ದು. ಉಷ್ಣತೆಯನ್ನು ಅಳೆಯುವ ಸೆನ್ಸರ್ ದ್ರವದಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ಕೂಲಂಟ್ ಸೋರಿ ಮಟ್ಟ ಇಳಿದು, ಸೆನ್ಸರ್ ಇರುವ ಜಾಗದಲ್ಲಿ ಬರೀ ಆವಿ ಅಥವಾ ಗಾಳಿ ತುಂಬಿಕೊಂಡರೆ, ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಸುಡುತ್ತಿರುವಾಗಲೂ ಮೀಟರ್ ಕಡಿಮೆ ಉಷ್ಣತೆಯನ್ನೇ ತೋರಿಸಬಹುದು. ಆದ್ದರಿಂದ ನಾನು ಮೀಟರ್‌ಗಿಂತ ಎರಡು ಗುರುತುಗಳನ್ನು ಹೆಚ್ಚು ನಂಬುತ್ತೇನೆ: ಎಂಜಿನ್ ತಣ್ಣಗಿರುವಾಗ ರಿಸರ್ವ್ ಟ್ಯಾಂಕಿನಲ್ಲಿ ಕಾಣುವ ಕೂಲಂಟ್ ಮಟ್ಟ, ಮತ್ತು ವಾಟರ್ ಪಂಪಿನ ಕೆಳಭಾಗದಲ್ಲಿರುವ, ಮೆಕ್ಯಾನಿಕ್‌ಗಳು ವೀಪ್ ಹೋಲ್ ಎಂದು ಕರೆಯುವ ಸಣ್ಣ ತೂತು.

ಪಂಪಿನ ಶಾಫ್ಟ್ ಒಂದು ತುದಿಯಲ್ಲಿ ಎಂಜಿನ್‌ನೊಳಗಿನ ಆಯಿಲ್ ಕಡೆಗೂ ಇನ್ನೊಂದು ತುದಿಯಲ್ಲಿ ಇಂಪೆಲ್ಲರ್ (ದ್ರವವನ್ನು ತಳ್ಳುವ ಚಕ್ರ) ಇರುವ ಕೂಲಂಟ್ ಕಡೆಗೂ ಚಾಚಿಕೊಂಡಿರುತ್ತದೆ. ಎರಡೂ ಬದಿಯಲ್ಲಿ ದ್ರವ ಸೋರದಂತೆ ತಡೆಯುವ ಒಂದೊಂದು ಸೀಲ್ ಇದ್ದು, ಅವುಗಳ ನಡುವಿನ ಖಾಲಿ ಜಾಗ ಈ ತೂತಿನ ಮೂಲಕ ಹೊರಕ್ಕೆ ತೆರೆದುಕೊಳ್ಳುತ್ತದೆ. ಯಾವ ಸೀಲ್ ಸವೆದರೂ ಆ ಬದಿಯ ದ್ರವ ಇನ್ನೊಂದಕ್ಕೆ ಬೆರೆಯದೆ ಹೊರಗೆ ತೊಟ್ಟಿಕ್ಕಲಿ ಎಂಬುದೇ ಈ ಏರ್ಪಾಟಿನ ಉದ್ದೇಶ. ಹಸಿರು ಅಥವಾ ನೀಲಿ ಬಣ್ಣದ ಕೂಲಂಟ್ ಹನಿ ಕಂಡರೆ, ಇಲ್ಲವೇ ಅದು ಒಣಗಿ ಉಳಿದ ಬಿಳಿಯ ಪುಡಿಯಂಥ ಕಲೆ ಕಂಡರೆ, ಕೂಲಂಟ್ ಬದಿಯ ಸೀಲ್ ಹೋಗಿದೆ ಎಂದರ್ಥ. ಆಯಿಲ್ ಜಿನುಗಿದ್ದರೆ ಆಯಿಲ್ ಬದಿಯ ಸೀಲ್ ಸವೆದಿದೆ. ಮಳೆಗಾಲದ ಮಲೆನಾಡಿನಲ್ಲಿ ಇಲ್ಲೊಂದು ವಿಶೇಷ ತೊಂದರೆ ಇದೆ. ಅಂಟು ಕೆಮ್ಮಣ್ಣು ಈ ತೂತಿಗೆ ಮೆತ್ತಿಕೊಂಡು ಒಣಗಿದರೆ ಗಟ್ಟಿ ಬಿರಡೆಯೇ ಆಗಿಬಿಡುತ್ತದೆ. ಆಗ ಸೋರಿದ ಕೂಲಂಟ್‌ಗೆ ಹೊರದಾರಿಯಿಲ್ಲದೆ, ಎರಡನೆಯ ಸೀಲನ್ನೂ ದಾಟಿ ಆಯಿಲ್‌ಗೆ ಸೇರುತ್ತದೆ. ಪ್ರತಿ ಬಾರಿ ತೊಳೆದಾಗಲೂ ಮೃದುವಾದ ತಂತಿಯಿಂದ, ಸೀಲಿಗೆ ತಗುಲುವಷ್ಟು ಒಳಕ್ಕೆ ತೂರಿಸದೆ, ಆ ತೂತನ್ನು ಬಿಡಿಸಿಡಬೇಕು. ತೂತು ಸೋರುತ್ತಿದೆಯೆಂದು ಎಂ-ಸೀಲ್ ಹಚ್ಚಿ ಮುಚ್ಚುವುದಂತೂ ಎಂಜಿನ್ನನ್ನು ಕೈಯಾರೆ ಹಾಳು ಮಾಡಿದಂತೆ.

ಕೂಲಂಟ್ ಬೆರೆತ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಮತ್ತು ಬೇರಿಂಗ್‌ಗಳನ್ನು ಕಾಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದರೆ ಬಣ್ಣ ಕಂಡ ಕೂಡಲೇ ಪಂಪ್ ಬಿಚ್ಚಲು ಹೊರಡಬಾರದು. ಮಳೆಗಾಲದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದಷ್ಟು ಸಣ್ಣ ಓಡಾಟಗಳನ್ನಷ್ಟೇ ಮಾಡಿದಾಗ, ಒಳಗಿನ ತೇವ ಹನಿಗಟ್ಟಿ ಆಯಿಲ್ ಮುಚ್ಚಳದ ಒಳಬದಿಯಲ್ಲೂ ಆಯಿಲ್ ಮಟ್ಟ ನೋಡುವ ಗಾಜಿನ ಕಿಂಡಿಯ ಅಂಚಿನಲ್ಲೂ ಅಂಥದೇ ನೊರೆ ಮೂಡಿಸುವುದುಂಟು. ಒಂದು ದೂರದ ಓಟದ ನಂತರ ಅದು ಮಾಯವಾಗಿ, ಕೂಲಂಟ್ ಮಟ್ಟವೂ ಇಳಿಯದಿದ್ದರೆ ಆತಂಕ ಬೇಡ. ಆಯಿಲ್ ಪೂರ್ತಿ ಬಣ್ಣಗೆಟ್ಟು ಕೂಲಂಟ್ ಮಟ್ಟವೂ ಇಳಿದಿದ್ದರೆ ಬೈಕನ್ನು ಅಲ್ಲಿಂದ ಓಡಿಸಿಕೊಂಡು ಬರಬಾರದು. ಹೊತ್ತು ತರುವುದೇ ಕ್ಷೇಮ.

ಎಲ್ಲ ಬಿಸಿಗೂ ಪಂಪೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ರೇಡಿಯೇಟರ್ ಕೆಲಸ ಮಾಡುವುದು ಅದರ ಮೂಲಕ ಹಾಯುವ ಗಾಳಿಯಿಂದ. ಕಾಲ್ನಡಿಗೆಯ ವೇಗದಲ್ಲಿ, ಒಂದನೇ ಗೇರಿನಲ್ಲಿ, ಅರ್ಧ ಕ್ಲಚ್ ಹಿಡಿದು ಕಲ್ಲಿನ ಏರು ಹತ್ತುವಾಗ ಎಂಜಿನ್ ಹೆಚ್ಚು ದುಡಿಯುತ್ತದೆ, ಗಾಳಿ ಮಾತ್ರ ಇರುವುದಿಲ್ಲ, ಕ್ಲಚ್ ಉಜ್ಜಿದ ಬಿಸಿಯೂ ಆಯಿಲ್‌ಗೆ ಸೇರುತ್ತದೆ. ಆಗ ಫ್ಯಾನ್ ಒಂದೇ ಗತಿ. ಆದ್ದರಿಂದ ಮೊದಲು ನೋಡಬೇಕಾದದ್ದು ಫ್ಯಾನ್ ತಿರುಗುತ್ತಿದೆಯೇ ಎಂಬುದು. ಇಲ್ಲವಾದರೆ ಫ್ಯೂಸ್, ಅನಂತರ ಕೆಸರುನೀರು ಸೇರಿ ಕಿಲುಬು ಹಿಡಿದಿರಬಹುದಾದ ಕನೆಕ್ಟರ್, ಕೊನೆಗೆ ಫ್ಯಾನ್ ಮೋಟರನ್ನೇ ಬ್ಯಾಟರಿಗೆ ನೇರ ಕೊಟ್ಟು ಪರೀಕ್ಷಿಸಬೇಕು. ಬ್ರೇಕ್ ಹಿಡಿದುಕೊಂಡಿರುವುದು, ಚೈನ್ ಅತಿ ಬಿಗಿಯಾಗಿರುವುದು ಕೂಡ ಎಂಜಿನ್ ಮೇಲೆ ಹೊರೆ ಹೆಚ್ಚಿಸಿ ಬಿಸಿ ಮಾಡುತ್ತವೆ.

ಫ್ಯಾನ್ ಸರಿಯಿದ್ದರೆ ಕೂಲಂಟ್ ಹರಿಯುತ್ತಿದೆಯೇ ಎಂದು ನೋಡಬೇಕು. ಎಂಜಿನ್ ಬಿಸಿಯೇರಿದ ಮೇಲೆ ರೇಡಿಯೇಟರ್‌ಗೆ ಹೋಗುವ ಹೋಸ್ ಸುಡುವಷ್ಟು ಬಿಸಿಯಾಗಿ, ಹೊರಬರುವ ಹೋಸ್ ತಣ್ಣಗೇ ಉಳಿದರೆ ಹರಿವು ನಿಂತಿದೆ ಎಂದು ತಿಳಿಯಬಹುದು. ಥರ್ಮೋಸ್ಟಾಟ್ ತೆರೆಯದಿರುವುದು, ಒಳಗೆ ಗಾಳಿ ಸಿಕ್ಕಿಕೊಂಡಿರುವುದು, ಶಾಫ್ಟ್ ತಿರುಗಿದರೂ ಇಂಪೆಲ್ಲರ್ ಸಡಿಲಗೊಂಡು ತಿರುಗದಿರುವುದು, ಇವು ಮೂರು ಸಾಧ್ಯತೆಗಳು. ಥರ್ಮೋಸ್ಟಾಟನ್ನು ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ತೆರೆಯುತ್ತದೆಯೇ ಎಂದು ಮನೆಯಲ್ಲಿಯೇ ನೋಡಬಹುದು. ಸೋರಿಕೆ ಎಲ್ಲೂ ಕಾಣದೆ ಕೂಲಂಟ್ ಖಾಲಿಯಾಗುತ್ತಿದ್ದು, ರೇಡಿಯೇಟರ್‌ನಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದು, ಸೈಲೆನ್ಸರ್‌ನಿಂದ ಸಿಹಿವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಅನುಮಾನ ಸಿಲಿಂಡರ್ ಮತ್ತು ಹೆಡ್ ನಡುವಿನ ಸಂದನ್ನು ಮುಚ್ಚುವ ಹೆಡ್ ಗ್ಯಾಸ್ಕೆಟ್ ಕಡೆಗೆ ತಿರುಗಬೇಕು.

ರೇಡಿಯೇಟರ್ ಮುಚ್ಚಳಕ್ಕೆ ಸಿಗಬೇಕಾದ ಗೌರವ ಸಿಗುತ್ತಿಲ್ಲ. ಸಾಮಾನ್ಯವಾಗಿ 1.1 ಬಾರ್‌ನ ಆಸುಪಾಸಿನ ಒತ್ತಡವನ್ನು ಅದು ಒಳಗೆ ಹಿಡಿದಿಡುವುದರಿಂದಲೇ 100 ಡಿಗ್ರಿಗೆ ಕುದಿಯಬೇಕಾದ ನೀರು 120 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ನೀರಿಗೆ ಸಮಪಾಲು ಗ್ಲೈಕಾಲ್ ಎಂಬ ರಾಸಾಯನಿಕ ಬೆರೆಸಿದ ಕೂಲಂಟ್ ಇನ್ನೂ ಕೆಲವು ಡಿಗ್ರಿ ತಡೆಯುತ್ತದೆ. ಮುಚ್ಚಳದ ರಬ್ಬರ್ ಒಣಗಿ ಬಿರಿದರೆ ಈ ರಕ್ಷಣೆ ಪೂರ್ತಿ ಹೋಗುತ್ತದೆ. ಮುಳ್ಳಯ್ಯನಗಿರಿಯಂಥ 1,900 ಮೀಟರ್ ಮೀರಿದ ಎತ್ತರದಲ್ಲಿ ತೆರೆದ ನೀರು ಸುಮಾರು 94 ಡಿಗ್ರಿಗೇ ಕುದಿಯುವುದರಿಂದ, ಬಯಲಿನಲ್ಲಿ ಹೇಗೋ ನಡೆದ ಬೈಕ್ ಅಂಥ ಎತ್ತರದಲ್ಲಿ ಕುದಿದು ಚೆಲ್ಲುವುದರಲ್ಲಿ ಆಶ್ಚರ್ಯವಿಲ್ಲ.

ದಾರಿಯಲ್ಲಿ ಎಂಜಿನ್ ಕಾದಾಗ ಮುಚ್ಚಳ ತೆಗೆಯಲೇಬಾರದು. ಒತ್ತಡದಲ್ಲಿರುವ ಕೂಲಂಟ್ ಚಿಮ್ಮಿ ಮುಖ, ಕೈ ಸುಡುತ್ತದೆ. ಎಂಜಿನ್ ನಿಲ್ಲಿಸಿ, ಫ್ಯಾನ್ ತಿರುಗುತ್ತಿದ್ದರೆ ಕೀಲಿಯನ್ನು ಆನ್‌ನಲ್ಲೇ ಬಿಟ್ಟು, ನೆರಳಿನಲ್ಲಿ ಕಾಯಬೇಕು. ಹೋಸ್ ಮುಟ್ಟುವಷ್ಟು ತಣಿದ ಮೇಲೆ ನೀರನ್ನು ನಿಧಾನವಾಗಿ ಸೇರಿಸಬಹುದು. ಕಾದು ಒಣಗಿದ ಎಂಜಿನ್‌ಗೆ ಹಳ್ಳದ ತಣ್ಣೀರನ್ನು ಒಮ್ಮೆಲೇ ಸುರಿದರೆ ಸಿಲಿಂಡರ್ ಹೆಡ್ ಬಾಗುವ, ಬಿರಿಯುವ ಅಪಾಯವಿದೆ. ಹಾಗೆ ಸೇರಿಸಿದ ನೀರು ಮನೆ ತಲುಪಲು ಮಾತ್ರ. ನಮ್ಮ ಬಯಲುಸೀಮೆಯ ಬೋರ್‌ವೆಲ್ ಗಡಸುನೀರು ರೇಡಿಯೇಟರ್‌ನ ಸಣ್ಣ ನಾಳಗಳಲ್ಲಿ ಸುಣ್ಣ ಕಟ್ಟುವುದರಿಂದ, ಕೂಲಂಟ್‌ಗೆ ಬೆರೆಸಲು ಡಿಸ್ಟಿಲ್ಡ್ ವಾಟರ್ ಒಂದನ್ನೇ ಬಳಸಬೇಕು. ಕೂಲಂಟ್ ಕೊಳ್ಳುವಾಗ ಅಲ್ಯೂಮಿನಿಯಂ ಎಂಜಿನ್‌ಗೆ ಹೊಂದುವ, ಸಿಲಿಕೇಟ್ ಇಲ್ಲದ ಬಗೆಯನ್ನು ಆರಿಸುವುದು ಒಳ್ಳೆಯದು. ಸಿಲಿಕೇಟ್ ಕಣಗಳು ಪಂಪಿನ ಸೀಲನ್ನು ಸವೆಸುತ್ತವೆ.

ರೇಡಿಯೇಟರ್ ತೊಳೆಯುವ ಕ್ರಮ ಬದಲಾಗಬೇಕಾಗಿದೆ. ವಾಟರ್ ಸರ್ವಿಸ್ ಅಂಗಡಿಯ ಹೈ ಪ್ರೆಷರ್ ನೀರನ್ನು ಎದುರಿನಿಂದ ಹೊಡೆದರೆ ತೆಳ್ಳಗಿನ ರೆಕ್ಕೆಗಳು ಮಡಚಿ ಗಾಳಿಯ ದಾರಿ ಮುಚ್ಚುತ್ತದೆ. ಮಣ್ಣನ್ನು ನೆನೆಯಲು ಬಿಟ್ಟು, ಪೈಪಿನ ಸಾಧಾರಣ ನೀರನ್ನು ಹಿಂಬದಿಯಿಂದ ಮುಂದಕ್ಕೆ ಹಾಯಿಸಿದರೆ ಅದು ಬಂದ ದಾರಿಯಲ್ಲೇ ಹೊರಬೀಳುತ್ತದೆ.

ಪಂಪ್ ಬಿಚ್ಚಿದ ಮೇಲೆ ಬರೀ ಸೀಲ್ ಬದಲಿಸುವ ಮಿತವ್ಯಯವನ್ನು ನಾನು ಒಪ್ಪುವುದಿಲ್ಲ. ಹಳೆಯ ಸೀಲಿನ ತುಟಿ ಒತ್ತಿದ ಜಾಗದಲ್ಲಿ ಶಾಫ್ಟ್ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲ್ ಕೂಡ ಬೇಗನೇ ಸೋರುತ್ತದೆ, ಶಾಫ್ಟನ್ನೂ ಬದಲಿಸಬೇಕು. ಬೇರಿಂಗ್ ಅಲುಗಾಡುತ್ತಿದ್ದರೆ ಶಾಫ್ಟ್ ಓಲಾಡಿ ಸೀಲನ್ನು ಮತ್ತೆ ಸವೆಸುತ್ತದೆ. ಎರಡು ಸೀಲ್‌ಗಳು ಯಾವ ದಿಕ್ಕಿಗೆ ಮುಖ ಮಾಡಿ ಕೂರಬೇಕು ಎಂಬುದನ್ನು ಆಯಾ ಬೈಕಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿಕೊಂಡು, ತುಟಿಗೆ ಗ್ರೀಸ್ ಸವರಿ, ಓರೆಯಾಗದಂತೆ ಸಮನಾಗಿ ಒತ್ತಿ ಕೂರಿಸಬೇಕು. ಆಯಿಲ್‌ಗೆ ಕೂಲಂಟ್ ಸೇರಿದ್ದರೆ ಒಮ್ಮೆ ಆಯಿಲ್ ಬದಲಿಸಿದರೆ ಸಾಲದು. ಕಡಿಮೆ ಬೆಲೆಯ ಆಯಿಲ್ ಹಾಕಿ, ಸ್ವಲ್ಪ ಹೊತ್ತು ಎಂಜಿನ್ ನಡೆಸಿ ಸುರಿಯುವ ಕೆಲಸವನ್ನು ಆಯಿಲ್ ತಿಳಿಯಾಗುವವರೆಗೆ ಮಾಡಿ, ಬಳಿಕ ಫಿಲ್ಟರ್ ಬದಲಿಸಬೇಕು.

ಕೂಲಂಟ್ ತುಂಬುವಾಗ ಮುಂದಿನ ಚಕ್ರವನ್ನು ಎತ್ತರದಲ್ಲಿಟ್ಟು ರೇಡಿಯೇಟರ್ ಮುಚ್ಚಳ ಎಲ್ಲಕ್ಕಿಂತ ಮೇಲಿರುವಂತೆ ನೋಡಿಕೊಂಡರೆ ಒಳಗಿನ ಗಾಳಿ ಸುಲಭವಾಗಿ ಹೊರಬರುತ್ತದೆ. ಮೊದಲ ಓಟ ಮುಗಿದು ಎಂಜಿನ್ ಪೂರ್ತಿ ತಣಿದ ಮೇಲೆ ಮಟ್ಟವನ್ನು ಮತ್ತೆ ನೋಡಿ ಸರಿಪಡಿಸಬೇಕು. ಸುರಿದ ಹಳೆಯ ಕೂಲಂಟನ್ನು ಮಾತ್ರ ಅಂಗಳದಲ್ಲೋ ತೋಟದ ಕಾಲುವೆಯಲ್ಲೋ ಬಿಡಬೇಡಿ. ಎಥಿಲಿನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ, ನಾಯಿಯೋ ದನವೋ ನೆಕ್ಕಿದರೆ ಉಳಿಯುವುದು ಕಷ್ಟ. ಮುಚ್ಚಳವಿರುವ ಕ್ಯಾನಿಗೆ ತುಂಬಿಸಿ, ಹಳೆಯ ಆಯಿಲ್ ಜೊತೆ ಬೆರೆಸದೆ, ಅದನ್ನು ತೆಗೆದುಕೊಳ್ಳುವ ಗ್ಯಾರೇಜ್‌ಗೆ ಕೊಡಿ.