ಕೈ ಎಟುಕದ ಹೊಡೆತಕ್ಕೆ ಜೇಬಿನ ಬ್ರಿಡ್ಜ್

9 ಅಡಿ ಪೂಲ್ ಟೇಬಲ್ಲಿನ ನಡುವೆ ಬಿಳಿ ಚೆಂಡು ನಿಂತರೆ ಎಂಥ ಎತ್ತರದವರೂ ತಡವರಿಸುತ್ತಾರೆ. ಮೈಚಾಚಿ ಹೊಡೆಯಲು ಹೋಗಿ ಎರಡೂ ಕಾಲು ನೆಲ ಬಿಟ್ಟರೆ ಫೌಲ್. ಇನ್ನೊಂದು ಕ್ಯೂ (ಚೆಂಡು ಹೊಡೆಯುವ ಕೋಲು) ತುದಿಗೆ ಸಿಕ್ಕಿಸುವ ಪುಟ್ಟ ಬ್ರಿಡ್ಜ್ ತಲೆ, ಅಂದರೆ ಕೈಯ ಬದಲು ನಿಮ್ಮ ಕ್ಯೂಗೆ ಆಸರೆಯಾಗುವ ಕಚ್ಚುಗಳಿರುವ ತುಂಡು, ಜೇಬಿನಲ್ಲಿದ್ದರೆ ಆ ಚಿಂತೆ ಇಲ್ಲ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಕ್ಯೂ ತುದಿ ತೂರುವ ತೂತು. ಪೂಲ್ ಕ್ಯೂ ತುದಿ ಸಾಮಾನ್ಯವಾಗಿ 12ರಿಂದ 13 ಮಿ.ಮೀ., ಸ್ನೂಕರ್ ಕ್ಯೂ 9ರಿಂದ 10. ಪೂಲಿನ ಅಳತೆಯದ್ದನ್ನು ಸ್ನೂಕರ್ ಕ್ಯೂಗೆ ಹಾಕಿದರೆ ತಲೆ ಗರಗರ ತಿರುಗುತ್ತದೆ, ಹೊಡೆಯುವ ಕ್ಷಣದಲ್ಲೇ ವಾಲುತ್ತದೆ. ಒಳಗೆ ರಬ್ಬರ್ ಇರುವುದೇ ಮೇಲು. ಬರೀ ಹಿತ್ತಾಳೆಯದ್ದು ಭಾರಕ್ಕೆ ಚೆನ್ನಾಗಿ ಕೂರುತ್ತದೆ ನಿಜ, ಆದರೆ ಶಾಫ್ಟ್ (ಕ್ಯೂವಿನ ಮುಂದಿನ ಭಾಗ) ಮೇಲೆ ಗೀರು ಬೀಳಿಸುತ್ತದೆ.

ಆಮೇಲೆ ಕಚ್ಚುಗಳ ಎತ್ತರ. ಚೆಂಡಿನ ವ್ಯಾಸ 57 ಮಿ.ಮೀ. ಚಿಲ್ಲರೆ, ನಡುಮಟ್ಟ ಸುಮಾರು 28. ತಗ್ಗಿನ ಕಚ್ಚು ಆ ಮಟ್ಟಕ್ಕೆ ಹತ್ತಿರವಿರಲಿ. ಎಲ್ಲ ಕಚ್ಚೂ ಎತ್ತರದಲ್ಲಿದ್ದರೆ ಕ್ಯೂ ಇಳಿಜಾರಾಗುತ್ತದೆ. ಸ್ವಲ್ಪ ಪಕ್ಕಕ್ಕೆ ತಗುಲಿದರೂ ಬಿಳಿ ಚೆಂಡು ಬಾಗಿ ಓಡುತ್ತದೆ. ಅಡ್ಡ ಚೆಂಡಿನ ಮೇಲಿಂದ ಹೊಡೆಯಲು ಮಾತ್ರ ಎತ್ತರದ ಕಚ್ಚು ಬೇಕು.

ತಲೆಯನ್ನು ಬಿಳಿ ಚೆಂಡಿಗೆ ಒಂದು ಗೇಣು ಹಿಂದೆ ಇಡಿ. ಅದರ ಹಿಡಿಯನ್ನು, ಅಂದರೆ ತಲೆ ಸಿಕ್ಕಿಸಿದ ಕ್ಯೂವನ್ನು, ಎಡಗೈಯಿಂದ ಟೇಬಲ್ ಬಟ್ಟೆಗೆ ಒತ್ತಿ. ಹೆಚ್ಚಿನವರು ಇದನ್ನೇ ಮರೆಯುತ್ತಾರೆ. ನಿಮ್ಮ ಕ್ಯೂ ಬುಡಕ್ಕೆ ಹೆಬ್ಬೆರಳು ಕೆಳಗೆ, ಬೆರಳುಗಳು ಮೇಲೆ, ಮೊಣಕೈ ಪಕ್ಕಕ್ಕೆ. ಹೊಡೆತ ಚಿಕ್ಕದಿರಲಿ, ಜೋರು ಬೇಡ. ಬ್ರಿಡ್ಜ್ ಯಾವ ಚೆಂಡಿಗೆ ತಾಗಿದರೂ ಫೌಲ್, ಹಾಗಾಗಿ ಚೆಂಡು ತಿರುಗಿ ಬರುವ ದಾರಿಯನ್ನೂ ಮೊದಲೇ ನೋಡಿಕೊಳ್ಳಿ.